ಚಿತ್ರವಿಲ್ಲದ ಪುಸ್ತಕ

"ಇದನ್ನ ಯಾವ ಕಣ್ಣಲ್ಲಿ ನೋಡೋದು?"

ಕೇಳಿದ್ದು ರಾಧಾಮಣಿ. ಯಾರನ್ನೂ ಕುರಿತು ಕೇಳಿದ್ದಲ್ಲ. ರಾಮನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಪುಸ್ತಕದಂಗಡಿಯಲ್ಲಿ ಅವಳ ಪಕ್ಕ ಯಾರೂ ಇರಲಿಲ್ಲ. ಕೈಯಲ್ಲಿದ್ದ ಪುಸ್ತಕ 'ಮೇಲಿನ ಚಿತ್ರದಲ್ಲಿ ತೋರಿಸಿರುವಂತೆ ಮಾಡಿರಿ' ಎನ್ನುತ್ತಿತ್ತು. ಮೇಲಿನ ಚಿತ್ರವೋ ಹೆಂಚಿನ ಮೇಲೆ ಮರೆತ ರೊಟ್ಟಿಯ ಹಾಗೆ ಸೀದು ಕರ್ರಗಾಗಿತ್ತು. ಅದು ಕಂಪ್ಯೂಟರಿನ ಪರದೆಯಂತೆ, ಪರದೆಯೊಳಗೊಂದು ಮುಖವಂತೆ, ಮುಖದ ಮೇಲೆ ಬಾಣದ ಗುರುತಂತೆ. ಅಚ್ಚಿನವನು ಮಸಿ ಮೆತ್ತಿ ಕಳಿಸಿದ್ದಾನೆ, ಬರೆದವನು ತಿರುಗಿಯೂ ನೋಡಿಲ್ಲ, ಮಾರುವವನಿಗೆ ಗೊಡವೆಯಿಲ್ಲ. ಇಷ್ಟು ಜನರ ಉದಾಸೀನ ಒಂದೇ ಪುಟದಲ್ಲಿ ಸೇರಿಕೊಂಡು ತನ್ನನ್ನೇ ಹುಡುಕಿಕೊಂಡು ಬಂದಿದೆ ಅನ್ನಿಸಿ ಅವಳಿಗೆ ಕಿವಿಯ ಬುಡ ಬಿಸಿಯಾಯಿತು.

ಗಲ್ಲಾದ ಹಿಂದೆ ಪೇಪರು ಹರಡಿಕೊಂಡಿದ್ದ ಅಂಗಡಿಯ ಮುನಿಶಾಮಯ್ಯ ಕನ್ನಡಕದ ಮೇಲಿನಿಂದ ನೋಡಿದ. "ಏನಮ್ಮ, ಮಗನಿಗಾ? ಯಾವ ಕೋರ್ಸ್ ಸೇರವ್ನೆ?"

"ನನಗೆ."

"ನಿಮಗಾ?" ಅವನು ನಗಲಿಲ್ಲ, ಆದರೆ ಪೇಪರನ್ನು ಮಡಿಸಿಟ್ಟ. "ರಂಗೋಲಿ, ಅಡುಗೆ, ಬ್ಲೌಸ್ ಕಟಿಂಗು ಎಲ್ಲಾ ಆ ಕಡೆ ಸಾಲಲ್ಲವೆ ಕಣಮ್ಮ. ಇದು ಕಂಪ್ಯೂಟರ್ ಸಾಲು."

"ಗೊತ್ತು. ಬೋರ್ಡ್ ಓದ್ಕೊಂಡೇ ನಿಂತಿರೋದು."

ಮಾತು ಬೇಕಾದ್ದಕ್ಕಿಂತ ಚೂಪಾಗಿ ಬಂತು. ಚೂಪಾಗಬೇಕಾದ ಕಡೆ ಅವಳ ಮಾತು ಯಾವತ್ತೂ ಚೂಪಾಗುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಮುನಿಶಾಮಯ್ಯನಂಥವರಿಗೆ ತಗುಲುತ್ತಿತ್ತು. ಇವತ್ತು ಬೆಳಿಗ್ಗೆ ಚನ್ನಪಟ್ಟಣದ ಸ್ಟುಡಿಯೋದಲ್ಲಿ ಗಿರಾಕಿಗಳೆದುರೇ ಅವಳು ಕಂಪ್ಯೂಟರಿನ ಮೌಸಿನ ಮೇಲೆ ಕೈಯಿಟ್ಟಿದ್ದಳು. ಗಂಡ ಕೆಂಪರಾಜು ಬೆಂಚಿನ ಮೇಲಿದ್ದವರ ಕಡೆ ಕಣ್ಣು ಮಿಟುಕಿಸಿ, "ಅಯ್ಯೋ ಅಮ್ಮಿ, ರಾಗಿ ಬೀಸಂಗೆ ತಿರುಗಿಸ್ತೀಯಲ್ಲ, ಹಿಟ್ಟು ಬಂದಾತು ಕಣೇ ಒಳಗಿಂದ" ಅಂದ. ಬೆಂಚು ನಕ್ಕಿತು. ಅವಳೂ ನಕ್ಕಳು. ಆ ನಗು ಈಗಲೂ ಕೆನ್ನೆಯ ಮೇಲೆ ಒಣಗಿದ ಅಂಟಿನ ಹಾಗೆ ಬಿಗಿಯುತ್ತಿತ್ತು. ಬೀಸುಕಲ್ಲಿನ ಮಾತಿಗಿಂತ ತಾನೂ ನಕ್ಕದ್ದೇ ಹೆಚ್ಚು ಚುಚ್ಚುತ್ತಿತ್ತು. ಆಮೇಲೆ ಅವನು ಉದಾರವಾಗಿ, "ರಾಮನಗ್ರದ ಇದ್ರೀಸ್ ಅಂಗ್ಡಿಯಿಂದ ಫ್ರೇಮಿನ ಪಟ್ಟಿ ತರಕ್ಕೆ ಹೋಯ್ತೀಯಲ್ಲ, ಹಂಗೇ ಒಂದು ಬುಕ್ ತಗೊಂಡ್ ಬಾ. ಕಲ್ತ್ಕೊಳ್ಳೀವಂತೆ" ಅಂದಿದ್ದ. ದೀಪಾವಳಿಗೆ ಮಕ್ಕಳಿಗೆ ಮತಾಪು ತಂದುಕೋ ಅನ್ನುವ ದನಿ.

ಅವಳು ಇನ್ನೊಂದು ಪುಸ್ತಕ ಎಳೆದಳು. ಇಂಗ್ಲಿಷಿನದು, ಇಟ್ಟಿಗೆಯಷ್ಟು ದಪ್ಪ, ಹೊಳೆಯುವ ಹಾಳೆ. ಬಿಳಿಯ ಮಗುವೊಂದು ಕೆಂಡದಂಥ ಕಣ್ಣು ಬಿಟ್ಟುಕೊಂಡು ಎಡಗಡೆಯ ಪುಟದಲ್ಲಿತ್ತು, ಬಲಗಡೆಯಲ್ಲಿ ಅದೇ ಮಗು ನೀಲಿ ಕಣ್ಣಿನಿಂದ ನಗುತ್ತಿತ್ತು. ನಡುವಿನ ಇಂಗ್ಲಿಷನ್ನು ಅವಳು ಎಸ್ಸೆಸ್ಸೆಲ್ಸಿಯ ಬಲದಲ್ಲಿ ತಡವಿ ತಡವಿ ನಾಲ್ಕು ಸಾಲು ದಾಟಿ ನಿಂತಳು. ಫ್ಲ್ಯಾಶಿಗೆ ಕೆಂಪಾದ ಕಣ್ಣನ್ನು ಸರಿ ಮಾಡುವುದು ಅದಕ್ಕೆ ಗೊತ್ತಿತ್ತು. ಮುಚ್ಚಿದ ಕಣ್ಣನ್ನು ಬಿಡಿಸುವುದು ಅದರಲ್ಲೆಲ್ಲೂ ಇರಲಿಲ್ಲ. ಆ ಕಡೆಯವರಲ್ಲಿ ಯಾರೂ ಕಣ್ಣು ಮುಚ್ಚಿಕೊಂಡು ಫೋಟೋಕ್ಕೆ ಕೂರುವುದಿಲ್ಲವೇನೋ.

ಇಲ್ಲಿ ಕೂರುತ್ತಿದ್ದರು. ಬದುಕಿರುವಷ್ಟು ದಿನ ಫೋಟೋ ಯಾಕೆ ಅನ್ನುವವರು, ಹೊಲ ತೋಟ ಬಿಟ್ಟು ಸ್ಟುಡಿಯೋ ಮೆಟ್ಟಿಲು ಹತ್ತದವರು, ಜೀವ ಹೋದ ಮೇಲೆ ಜಗಲಿಯಲ್ಲಿ ಗೋಡೆಗೊರಗಿ ಕೂರುತ್ತಿದ್ದರು, ಹಣೆಗೆ ವಿಭೂತಿಯೋ ಕುಂಕುಮವೋ ಇಟ್ಟುಕೊಂಡು, ಕೊರಳಿಗೆ ಹಾರ ಹಾಕಿಸಿಕೊಂಡು. ಕೈಲಾಂಚದಿಂದಲೋ ಅಕ್ಕೂರಿನಿಂದಲೋ ಯಾರಾದರೂ ಸ್ಕೂಟರಿನಲ್ಲಿ ಬಂದು ಕೆಂಪರಾಜುವನ್ನು ಹತ್ತಿಸಿಕೊಂಡು ಹೋಗುತ್ತಿದ್ದರು. ಅವನು ತೆಗೆದು ತಂದ ನೆಗೆಟಿವ್ ಪರದೆಯ ಹಿಂದಿನ ಅವಳ ಮೇಜಿಗೆ ಬರುತ್ತಿತ್ತು. ತಿಥಿಯ ಹೊತ್ತಿಗೆ ಕಣ್ಣು ಬಿಡಿಸಿ ಕೊಡಬೇಕು. ಹಾಗಂತ ಅವಳು ಸುಮ್ಮನೆ ಬರೆಯುತ್ತಿರಲಿಲ್ಲ. ಅವರ ಕಣ್ಣು ಮನೆಯಲ್ಲಿ ಯಾರಿಗೆ ಬಂದಿದೆ ಎಂದು ಕೇಳುತ್ತಿದ್ದಳು. ಮಗನೋ ತಂಗಿಯೋ ಮೊಮ್ಮಗಳೋ, ಅವರನ್ನು ಕರೆಸಿ ಎದುರಿಗೆ ಕೂರಿಸಿಕೊಂಡು, ಬೆಳಕಿನ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂಥ ಪೆನ್ಸಿಲನ್ನು ಕಣ್ಣಿಗೊತ್ತಿಕೊಂಡು ಶುರು ಮಾಡುತ್ತಿದ್ದಳು. ದೇವರ ವಿಗ್ರಹಕ್ಕೆ ಕಡೆಯಲ್ಲಿ ಕಣ್ಣು ತೆರೆಸುತ್ತಾರಲ್ಲ, ಆ ಭಯ ಆಗ ಅವಳ ಬೆರಳಿನಲ್ಲಿರುತ್ತಿತ್ತು. ಕೂತವರು ಅಳುತ್ತಿದ್ದರೆ ಅಳು ನಿಲ್ಲುವವರೆಗೂ ಕಾಯುತ್ತಿದ್ದಳು. ಫ್ರೇಮಿನ ಕೆಳಗೆ ಕೆಂಪರಾಜುವಿನ ಸ್ಟುಡಿಯೋದ ಹೆಸರಿರುತ್ತಿತ್ತು. ಅದರ ಬಗ್ಗೆ ಅವಳಿಗೆ ಸಿಟ್ಟಿರಲಿಲ್ಲ, ಅಥವಾ ಇರಲಿಲ್ಲ ಎಂದುಕೊಂಡಿದ್ದಳು.

"ಆ ಮೂಲೇಲಿರೋದನ್ನ ಮುಟ್ಬ್ಯಾಡಿ, ಧೂಳು," ಅಂದ ಮುನಿಶಾಮಯ್ಯ.

ಅವಳು ಮುಟ್ಟಿದಳು. ತೆಳುವಾದ ಪುಸ್ತಕ, ಬೆನ್ನಿಗೆ ಪಿನ್ನು ಹೊಡೆದದ್ದು, ಬರೆದವರು ಯಾರೋ ಡ್ರಾಯಿಂಗ್ ಮೇಷ್ಟರು. ಒಳಗೆ ಒಂದೂ ಚಿತ್ರವಿರಲಿಲ್ಲ. ಸುಮ್ಮನೆ ಒಂದು ಕಡೆ ತೆರೆದು, ಅಭ್ಯಾಸಬಲದಿಂದ ತುಟಿಯಲ್ಲೇ ಓದಿದಳು. 'ಪದರ ಎಂದರೆ ಗಾಜು ಎಂದು ತಿಳಿಯಿರಿ. ಗಾಜಿನ ಮೇಲೆ ಗಾಜು ಇಡುತ್ತೀರಿ. ಮೇಲಿನದರ ಮೇಲೆ ಏನು ಬರೆದರೂ ಕೆಳಗಿನದು ಕೆಡುವುದಿಲ್ಲ. ಮೇಲಿನದನ್ನು ಎತ್ತಿದಿರೋ, ಕೆಳಗಿನದು ಇದ್ದ ಹಾಗೇ ಇರುತ್ತದೆ.' ಇನ್ನೊಂದು ಸಲ ಓದಿದಳು, ಸ್ವಲ್ಪ ಗಟ್ಟಿಯಾಗಿ. ವಾಕ್ಯ ಬಾಯಲ್ಲಿ ನಿಂತಿತು. ಉಸಿರು ಎಲ್ಲಿ ಬೇಕೋ ಅಲ್ಲಿ ಸಿಕ್ಕಿತು. ಅಪ್ಪ ಷಟ್ಪದಿ ಓದುವಾಗ ಹೀಗೇ ಆಗುತ್ತಿತ್ತು. ಮಾರಮ್ಮನ ಗುಡಿಯ ಜಗಲಿಯ ಮೇಲೆ ಅಪ್ಪ ದೊಡ್ಡಹನುಮಯ್ಯ ರಾಗ ಎತ್ತಿದರೆ ಅವಳು ಕಂಬಕ್ಕೊರಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ರಥ, ಬಾಣ, ಕೆಂಪಡರಿದ ಸಂಜೆ, ಎಲ್ಲಾ ಕಿವಿಯಿಂದಲೇ ಒಳಗೆ ಬಂದು ನಿಲ್ಲುತ್ತಿತ್ತು. ಚಿತ್ರ ಇದ್ದಿದ್ದರೆ ಇಷ್ಟು ಕಾಣುತ್ತಿರಲಿಲ್ಲ.

"ಇದನ್ನ ಕೊಡಿ."

"ಅಯ್ಯೋ, ಚಿತ್ರನೇ ಇಲ್ದಿರೋ ಫೋಟೋ ಬುಕ್ಕಮ್ಮ ಅದು!" ಈಗ ಮುನಿಶಾಮಯ್ಯ ನಿಜವಾಗಿ ನಕ್ಕ. "ಬಂದಾಗ್ಲಿಂದ ಒಂದೂ ಹೋಗಿಲ್ಲ. ಸಿ.ಡಿ. ಇರೋದು ತಗೊಳ್ಳಿ, ಹಾಕುದ್ರೆ ಅದೇ ಹೇಳ್ಕೊಡ್ತದೆ."

"ಬ್ಯಾಡ. ನಂಗೆ ಹೇಳ್ಕೊಡೋರು ಜಾಸ್ತಿ ಆಗವ್ರೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಕಾಲಿನ ನಡುವೆ ಫ್ರೇಮಿನ ಪಟ್ಟಿಗಳ ಕಟ್ಟು ನಿಲ್ಲಿಸಿಕೊಂಡು, ಮೊದಲಿನಿಂದ ಓದಿದಳು. ತುಟಿ ಅಲ್ಲಾಡುತ್ತಿದ್ದುದನ್ನು ಕಂಡು ಪಕ್ಕದ ಮುದುಕ ಭಕ್ತಿಯಿಂದ, "ಯಾವ ದೇವ್ರದವ್ವ?" ಅಂದ. ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಎದುರಿನಿಂದ ಬಿಡದಿಯ ಕಾರ್ಖಾನೆಯ ಬಸ್ಸು, ಅದರ ಹಿಂದೆ ಇನ್ನೊಂದು, ಒಳಗೆಲ್ಲ ಒಂದೇ ಬಣ್ಣದ ಶರಟು. ಆ ಶರಟುಗಳಿಂದಲೇ ಶುರುವಾದದ್ದು. ಹೊಸ ಕಾರ್ಖಾನೆಯವರು ಆಳುಗಳಿಗೆಲ್ಲ ಗುರುತಿನ ಚೀಟಿಯ ಫೋಟೋ ಬೇಕೆಂದಾಗ ಕೆಂಪರಾಜು ಡಿಜಿಟಲ್ ಕ್ಯಾಮೆರಾ ತಂದ. ಸ್ಟುಡಿಯೋದ ಮೊಳೆಗೆ ನೇತು ಹಾಕಿದ್ದ ಕಪ್ಪು ಕೋಟನ್ನು ಒಂದು ಸಲ ಫೋಟೋ ಹೊಡೆದು ಕಂಪ್ಯೂಟರಿಗೆ ಹಾಕಿಕೊಂಡ. ಆಮೇಲೆ ಉಳುವವನಿಗೂ ರೇಷ್ಮೆಗೂಡು ಮಾರುವವನಿಗೂ ಕತ್ತಿನ ಕೆಳಗೆ ಅದೇ ಕೋಟು. ಕಂಪ್ಯೂಟರಿಗೆ ಜಾಗ ಬೇಕಾಗಿ ಅವಳ ಮೇಜು ಹೊರಗೆ ಹೋಯಿತು. ಮೇಜಿನ ಕಾಲು ನಿಂತಿದ್ದ ಕಡೆ ನೆಲದ ಮೇಲೆ ಗುರುತು ಬಿದ್ದಿತ್ತು. ಅವಳು ಒದ್ದೆ ಬಟ್ಟೆ ತಂದು ಆ ಗುರುತನ್ನು ತಾನೇ ಒರೆಸಿದಳು, ಉಗುರು ಹಾಕಿ ಕೆರೆದು ಒರೆಸಿದಳು. ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಒರೆಸಿ ಎದ್ದವಳನ್ನು ಅವನು ಹೊಸ ಕ್ಯಾಮೆರಾದ ಎದುರು ಸ್ಟೂಲಿನ ಮೇಲೆ ಕೂರಿಸಿ, ಬಿಳಿಯ ಕೊಡೆಯ ದೀಪ ಹಚ್ಚಿ, "ಅಲ್ಲಾಡ್ಬ್ಯಾಡ, ಟೆಸ್ಟ್ ಮಾಡ್ತೀನಿ, ರೆಪ್ಪೆ ಬಡೀಬ್ಯಾಡ" ಅಂದ. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವಳು ರೆಪ್ಪೆ ಬಡಿಯದೆ ನೋಡಿದಳು.

ಸ್ಟುಡಿಯೋದ ಬೆಂಚಿನ ಮೇಲೆ ಅಕ್ಕೂರಿನ ಕಾವೇರಮ್ಮ ಒಬ್ಬಳೇ ಕೂತಿದ್ದಳು. ತೀರಿಕೊಂಡ ಅತ್ತೆಯ ಫೋಟೋ ಒಯ್ಯಲು ಬಂದವಳು, ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡು ಏಳದೆ ಕೂತಿದ್ದಳು. ಕೆಂಪರಾಜು ಅದನ್ನು ಅವಳ ಕೈಗೆ ಕೊಟ್ಟು ಬಿಡದಿಗೆ ಹೋಗಿದ್ದನಂತೆ.

"ಬಾರವ್ವ, ನೀನಾದ್ರೂ ಬಂದ್ಯಲ್ಲ," ಅಂದಳು. "ಒಸಿ ಇದನ್ನ ನೋಡು. ನಮ್ಮತ್ತೆ ಅಂತೀಯಾ ಇದು?"

ರಾಧಾಮಣಿ ನೋಡಿದಳು. ಮೂಗುಬೊಟ್ಟು ಆ ಮುದುಕಿಯದೇ, ಸುಕ್ಕು ಅವಳದೇ.

"ಎಲ್ಲಾ ಅವಳೇ ಕಣವ್ವ. ಆದ್ರೆ ನಮ್ಮತ್ತೆ ನೋಡೋ ನೋಟ ಅಲ್ಲ ಇದು. ಬದುಕಿದ್ದಾಗ ಕಣ್ಣ ಕಿರಿದು ಮಾಡ್ಕೊಂಡೇ ನೋಡೋಳು, ಸೊಸೆ ಏನ್ ಕದ್ಲೋ ಅನ್ನಂಗೆ. ಬೈಯದಾದ್ರೆ ಬೈದು ಮುಗಿಸೋಳು. ಇವಳು ನೋಡು, ಬಾಯ್ಗಂಟ ಬಂದಿದ್ದ ನುಂಗ್ಕೊಂಡಂಗೆ ನೋಡ್ತಾವ್ಳೆ. ಹಿಂಗೆ ನೋಡ್ತಾ ಇದ್ರೆ ದಿನಾ ದೀಪ ಹಚ್ಚಾಕಾಯ್ತದಾ ನಂಗೆ? ನನ್ ಗಂಡನ ತಂಗಿಗೆ ಅವ್ವನ ಕಣ್ಣೇ ಬಂದವೆ, ಕರ್ಕಬತ್ತೀನಿ ಅಂದೆ. ಬ್ಯಾಡ ಅಂದ್ಬುಟ್ಟ ನಿನ್ ಯಜಮಾನ." ತಲೆಯೆತ್ತಿದವಳು ರಾಧಾಮಣಿಯ ಮುಖದಲ್ಲಿ ಏನೋ ಹುಡುಕಿದಳು. ಫ್ರೇಮನ್ನೊಮ್ಮೆ, ಮತ್ತೆ ಆ ಮುಖವನ್ನೊಮ್ಮೆ ನೋಡಿದಳು. "ಹೂ ತಗೊಂಡ್ ಬತ್ತೀನಿ," ಎಂದು ಫ್ರೇಮನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದು ಹೋದಳು.

ಕಂಪ್ಯೂಟರು ಹಚ್ಚಿಯೇ ಇತ್ತು. ಗಂಡನ ತಿರುಗುವ ಕುರ್ಚಿಯ ತುದಿಯಲ್ಲಿ ಕೂತು ರಾಧಾಮಣಿ ಪುಸ್ತಕವನ್ನು ಕೀಬೋರ್ಡಿನ ಮೇಲೆ ತೆರೆದಿಟ್ಟುಕೊಂಡಳು. ಅಪ್ಪನ ರಾಗವಲ್ಲ, ಆದರೆ ಅಪ್ಪನ ನಿಧಾನದಲ್ಲಿ ಓದುತ್ತ ಹೋದಳು. ಬಾಯಿ ಹೇಳಿದ್ದನ್ನು ಕೈ ಮಾಡಿತು. ಮೌಸು ರಾಗಿ ಬೀಸಲಿಲ್ಲ. ಕಾವೇರಮ್ಮನ ಅತ್ತೆಯ ಕಡತ ತೆರೆದುಕೊಂಡಿತು. 'ಬಲಗಡೆ ಪದರಗಳ ಪಟ್ಟಿಯಿದೆ. ಪ್ರತಿ ಪದರದ ಪಕ್ಕ ಸಣ್ಣ ಕಣ್ಣಿನ ಗುರುತಿದೆ. ಅದನ್ನು ಒತ್ತಿದರೆ ಆ ಗಾಜನ್ನು ಎತ್ತಿದಂತೆ.' ಒತ್ತಿದಳು. ಮುದುಕಿ ಕಣ್ಣು ಮುಚ್ಚಿದಳು. ಎಷ್ಟು ನೆಮ್ಮದಿಯಾಗಿ ಮುಚ್ಚಿದಳೆಂದರೆ ರಾಧಾಮಣಿಗೆ ಒಂದು ಗಳಿಗೆ ಎದೆ ತಣ್ಣಗಾಯಿತು. ಆಮೇಲೆ ಕೆಳಗಿನ ಗಾಜನ್ನು ಎತ್ತಿ ಮೇಲಿನದನ್ನು ಮಾತ್ರ ಉಳಿಸಿದಳು.

ಬರಿಯ ಪರದೆಯ ಮೇಲೆ ಎರಡು ಕಣ್ಣು. ಎಡಗಣ್ಣಿನ ರೆಪ್ಪೆಯ ತುದಿಯಲ್ಲಿ ಚಿಕ್ಕಂದಿನಲ್ಲಿ ಅಮ್ಮ ಎದ್ದಾಗಿನ ಹುಣ್ಣು ಬಿಟ್ಟು ಹೋದ ಸಣ್ಣ ಕುಳಿ. ದಿನಾ ತಾನು ಕಾಡಿಗೆ ಹಚ್ಚುವಾಗ ಕಡ್ಡಿ ತಡೆಯುತ್ತಿದ್ದ ಕುಳಿ. ಅವಳು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ಕಪ್ಪು ಗುಡ್ಡೆಯೊಳಗೆ ಬಿಳಿಯ ಕೊಡೆಯ ದೀಪವಿತ್ತು, ಸ್ಟುಡಿಯೋದ ಬಾಗಿಲಿತ್ತು, ಬಾಗಿಲಿಗೆ ಅಡ್ಡವಾಗಿ ಕ್ಯಾಮೆರಾ ಹಿಡಿದು ನಿಂತ ಗಂಡಸಿನ ಆಕಾರವಿತ್ತು. ಪದರದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ 'ಮಾವ' ಎಂದು ಬರೆದಿದ್ದ ಕೆಂಪರಾಜು.

ಒಂದಾದ ಮೇಲೊಂದು ತೆರೆದಳು. ಕೈಲಾಂಚದ ಹಾಲಿನ ಡೈರಿಯ ಯಜಮಾನ, ಮಾಗಡಿ ಕಡೆಯ ಯಾರೋ ಬಸುರಿ, ತನಗೆ ಗುರುತಿರದ ಮುದುಕರು. ಎಲ್ಲರ ಮೇಲೂ 'ಮಾವ' ಎಂಬ ಗಾಜು. ಎಲ್ಲರೂ ಅವಳ ಹಾಗೆ, ಆವತ್ತಿನ ಅವಳ ಹಾಗೆ, ಒದ್ದೆ ಬಟ್ಟೆ ಹಿಡಿದುಕೊಂಡು, ಮಾತು ನುಂಗಿಕೊಂಡು, ತಮ್ಮ ತಮ್ಮ ಮನೆಯ ಗೋಡೆಯ ಮೇಲಿಂದ ಮಕ್ಕಳನ್ನೂ ಸೊಸೆಯಂದಿರನ್ನೂ ನೋಡುತ್ತಿದ್ದರು. ಕಾಣದ ಊರುಗಳಲ್ಲಿ ಜನ ಅವಳ ಸಿಟ್ಟಿಗೆ ಊದುಬತ್ತಿ ಹಚ್ಚುತ್ತಿದ್ದರು. ಮತ್ತು ಅಪ್ಪ. ಪಟ್ಟಿಯ ತಳದಲ್ಲಿ ಎಲ್ಲರಿಗಿಂತ ಹಳೆಯದಾಗಿ ಅಪ್ಪನ, ಕೆಂಪರಾಜುವಿನ ಮಾವನ, ಕಡತವಿತ್ತು. ಹಾಡುವವನನ್ನು ಕೇಳಬೇಕು, ನೋಡುವುದೇನಿದೆ ಎಂದು ಅಪ್ಪ ಬದುಕಿರುವಾಗ ಒಂದು ಫೋಟೋಕ್ಕೂ ಕೂತಿರಲಿಲ್ಲ. ಅಪ್ಪ ಹೋದಾಗ ಅವಳಿಗೆ ಮೇಜಿರಲಿಲ್ಲ, ಕೈಯಲ್ಲಿ ತ್ರಾಣವಿರಲಿಲ್ಲ. "ನೀ ಮಲಗಮ್ಮಿ, ನಾ ಮಾಡ್ತೀನಿ" ಅಂದಿದ್ದ ಕೆಂಪರಾಜು. ತಿಥಿಯ ದಿನ ಆ ಪಟವನ್ನು ಕಂಡು ಅವಳು ಎಲ್ಲರೆದುರು ಅವನ ಕೈ ಹಿಡಿದುಕೊಂಡು ಅತ್ತಿದ್ದಳು. ನನ್ನ ಕಣ್ಣು ಅಪ್ಪನದೇ ಅಂತ ಊರೆಲ್ಲ ಹೇಳುತ್ತಿತ್ತಲ್ಲ, ಅದಕ್ಕೇ ಹೀಗೆ ಹೋಲುತ್ತಿದೆ ಎಂದುಕೊಂಡಿದ್ದಳು. ದಿನಾ ಬೆಳಿಗ್ಗೆ ಎಣ್ಣೆ ಹಾಕಿ, ಬತ್ತಿ ಹೊಸೆದು, ಕೈ ಮುಗಿದು, ಇಷ್ಟು ದಿನ ತನ್ನನ್ನು ತಾನೇ ನೋಡಿಕೊಂಡು ನಿಂತಿದ್ದಳೆ? ಬಂದದ್ದು ಸಿಟ್ಟೋ ನಾಚಿಕೆಯೋ ಅವಳಿಗೇ ತಿಳಿಯಲಿಲ್ಲ. ಯಾಕೆಂದರೆ ಅಪ್ಪನ ಮಟ್ಟಿಗೆ ಅವನು ಮಾಡಿದ್ದು ಸರಿಯಾಗಿಯೇ ಇತ್ತು. ತಾನಾಗಿದ್ದರೂ ಅಪ್ಪನಿಗೆ ಕನ್ನಡಿ ನೋಡಿಕೊಂಡೇ ಕಣ್ಣು ಬರೆಯುತ್ತಿದ್ದಳು. ಆ ಒಂದು ಸರಿಯನ್ನೇ ಅವನು ಎಲ್ಲರಿಗೂ ತೊಡಿಸುವ ಮೊಳೆಯ ಮೇಲಿನ ಕೋಟು ಮಾಡಿಕೊಂಡಿದ್ದ.

"ಓಹೋ, ಸಿಂಹಾಸನ ಏರ್ಬುಟ್ಟವ್ಳೆ ನಮ್ ರಾಣಿ!"

ಕೆಂಪರಾಜು ಕ್ಯಾಮೆರಾದ ಚೀಲವನ್ನು ಬೆಂಚಿನ ಮೇಲಿಟ್ಟ. ಒಳ್ಳೆಯ ಗೆಲುವಿನಲ್ಲಿದ್ದ. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

"ಇದು ಯಾರ ಕಣ್ಣು?"

ಅವನು ಬಗ್ಗಿ ಪರದೆ ನೋಡಿದ. "ಓ, ಅದಾ. ನಿಂದೇ ಕಣಮ್ಮಿ. ಇಷ್ಟು ದಿನ ಗೊತ್ತಾಗ್ಲೇ ಇಲ್ವಾ ನಿಂಗೆ?" ನಕ್ಕ. "ಬುಕ್ ತಂದಿದ್ದು ಸಾರ್ಥಕ ಆಯ್ತು ಬಿಡು."

"ಕಂಡೋರಿಗೆಲ್ಲ ನನ್ ಕಣ್ಣು ಯಾಕಾಕುದ್ರಿ?"

"ಅಯ್ಯ, ಬೀದೀಲ್ ಹೋಗೋರ ಕಣ್ಣಾ ಹಾಕಿರೋದು? ಮನೆ ಹೆಂಗ್ಸಿನ ಕಣ್ಣು. ಲಕ್ಷಣವಾಗವೆ ಅಂತ ತಾನೇ? ಬ್ಯಾರೆ ಯಾವಳಾದ್ರೂ ಆಗಿದ್ರೆ ಊರ್ ತುಂಬ ಹೇಳ್ಕೊಂಡ್ ಬರೋಳು."

"ಅವ್ರವ್ರ ಮನೆಯೋರ್ನ ಕೂರಿಸ್ಬೇಕಿತ್ತು. ಕಾವೇರಕ್ಕ ನಾದಿನೀನ ಕರ್ಕಬತ್ತೀನಿ ಅಂದಿದ್ಲಂತಲ್ಲ."

"ಒಬ್ಬೊಬ್ರುನ್ನೂ ಕೂರಿಸ್ಕೊಂಡು, ಅತ್ಕೊಂಡು, ಮೂಗ್ ಒರೆಸ್ಕೊಂಡು... ಆ ಕಾಲ ಆಗೋಯ್ತು ಕಣೇ." ಅವನ ದನಿ ಸ್ವಲ್ಪ ಗಡುಸಾಯಿತು. "ನಿಮ್ಮಪ್ಪಂಗೆ ಹಾಕ್ದಾಗ ನನ್ ಕೈ ಹಿಡ್ಕೊಂಡು ಅತ್ತೆ. ಆಗ ಚೆಂದಾಗಿತ್ತು, ಈಗ ಕೆಟ್ಟೋಯ್ತಾ?"

ಇಷ್ಟು ವರ್ಷ ಪ್ರತಿ ಜಗಳವೂ ಹೀಗೇ ಅವಳ ಒಂದು ಹಳೆಯ ಕೃತಜ್ಞತೆಗೆ ಬಂದು ಕಾಲು ಮುರಿದುಕೊಂಡು ಬೀಳುತ್ತಿತ್ತು. ಬಾಗಿಲಲ್ಲಿ ಕಾವೇರಮ್ಮ ಬಂದು ನಿಂತಿದ್ದಳು, ಒಂದು ಕೈಯಲ್ಲಿ ಹೂವಿನ ಪೊಟ್ಟಣ, ಕಂಕುಳಲ್ಲಿ ಫ್ರೇಮು. ಒಳಗೆ ಬರಲೋ ಬೇಡವೋ ಎಂದು ಹೊಸಿಲ ಮೇಲೆಯೇ ಇದ್ದಳು. ಫ್ರೇಮಿನ ಮೇಲಿನ ಸೆರಗು ಜಾರಿ, ಮುದುಕಿ ರೆಪ್ಪೆ ಬಡಿಯದೆ ಇಬ್ಬರನ್ನೂ ನೋಡುತ್ತಿದ್ದಳು.

ಕೆಂಪರಾಜು ಗೆದ್ದವನ ಔದಾರ್ಯದಲ್ಲಿ ದನಿ ಇಳಿಸಿದ. ಚೀಲದ ಜಿಪ್ಪು ಎಳೆದು ಕ್ಯಾಮೆರಾ ಕೈಗೆತ್ತಿಕೊಂಡ. "ಸಿಟ್ಟು ಸಾಕು ಬಾ. ನಿನ್ನತ್ರ ಒಂದು ಕೆಲ್ಸ ಐತೆ. ಕುದೂರಲ್ಲಿ ದೊಡ್ ಮನೆಯೋರು, ಅವರಪ್ಪಂದು ಆಳೆತ್ತರದ ಫೋಟೋ ಕೇಳವ್ರೆ. ಆ ಹಳೇ ಕಣ್ಣ ಅಷ್ಟು ದೊಡ್ಡದು ಮಾಡುದ್ರೆ ಚುಕ್ಕಿ ಚುಕ್ಕಿ ಒಡ್ದೋಯ್ತವೆ. ಹೊಸ್ದಾಗಿ ಒಂದು ಹೊಡ್ಕೊಬುಡ್ತೀನಿ, ಇನ್ನ ಹತ್ತು ವರ್ಷಕ್ಕೆ ಯೋಚ್ನೆ ಇರಾಕಿಲ್ಲ." ದೀಪದ ಬಿಳಿಯ ಕೊಡೆಯನ್ನು ಸ್ಟೂಲಿನ ಕಡೆ ತಿರುಗಿಸಿ ಹಚ್ಚಿದ. "ಒಸಿ ಕೂತ್ಕೊ. ಈ ಸಲ ಮುಖ ಗಂಟಿಕ್ಕಬ್ಯಾಡ, ನಗ್ತಾ ನೋಡು. ನೀವಾದ್ರೂ ಹೇಳಿ ಕಾವೇರಮ್ಮ."

ಕಾವೇರಮ್ಮ ಜಾರಿದ ಸೆರಗನ್ನು ಎಳೆದು ಫ್ರೇಮು ಮುಚ್ಚಿದಳು.

ಸ್ಟೂಲು ಬೆಳಕಿನಲ್ಲಿ ಖಾಲಿಯಾಗಿತ್ತು. ರಾಧಾಮಣಿ ಅದನ್ನು ನೋಡಿದಳು. ಅದರ ಕಾಲುಗಳ ಪಕ್ಕ, ಅವಳು ಎಷ್ಟು ಕೆರೆದು ಒರೆಸಿದ್ದರೂ, ಹಳೆಯ ಮೇಜಿನ ಗುರುತು ಆ ಬೆಳಕಿಗೆ ಸಣ್ಣಗೆ ಕಾಣುತ್ತಿತ್ತು. ಅವಳು ಮೌಸಿನ ಮೇಲಿನ ಕೈ ತೆಗೆಯದೆ, ನಗದೆ, ಕಾವೇರಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಕೂರಾಕಿಲ್ಲ."